ಜಪಾನಿ ಭಾಷೆಯಲ್ಲಿ ಬೇಕು, ಆಗುತ್ತೆ, ಮಾಡಲೇಬೇಕು: ಪದೇ ಪದೇ ಕೇಳುವ ಪ್ರಶ್ನೆಗಳು

ಜಪಾನಿ ಕಲಿಯಲು ಹೊರಟವರು ಮೊದಲ ಮೂರ್ನಾಲ್ಕು ತಿಂಗಳಲ್ಲಿ ಹೆಚ್ಚಾಗಿ ಎಡವುವುದು ಆಸೆ, ಸಾಮರ್ಥ್ಯ, ಕರ್ತವ್ಯ ಹೇಳುವ ರೂಪಗಳಲ್ಲಿ. ಪಾಠಗಳು ಇಂಗ್ಲಿಷ್ ಮೂಲಕ ಬರುವುದರಿಂದ ತೊಡಕು ಇನ್ನಷ್ಟು ಹೆಚ್ಚುತ್ತದೆ. ಇಂಗ್ಲಿಷನ್ನು ಬದಿಗಿಟ್ಟು ಕನ್ನಡದಿಂದ ನೇರವಾಗಿ ಹೋದರೆ ಅರ್ಧಕ್ಕರ್ಧ ರಚನೆಗಳು ಆಗಲೇ ನಮ್ಮ ಬಾಯಲ್ಲಿವೆ. ಕೆಳಗಿನ ಉತ್ತರಗಳು ಆ ದಾರಿ ಹಿಡಿದಿವೆ.

ಓದುವ ಮುನ್ನ ಎರಡು ಮಾತು. ಜಪಾನಿ ಪದಗಳನ್ನು ಕನ್ನಡ ಲಿಪಿಯಲ್ಲೇ ಕೊಟ್ಟಿದೆ. ‘ತಇ’, ‘ನಇ’ ಎಂದು ಬರೆದಲ್ಲಿ ಎರಡು ಮಾತ್ರೆ. ‘ತೈ’ ಎಂದು ಮುದುರಬೇಡಿ, ‘ತಾಯಿ’ ಎಂದು ಎಳೆಯಲೂ ಬೇಡಿ. ‘ದೆಸು’, ‘ಮಸು’ಗಳ ಕೊನೆಯ ಉಕಾರ ಕೇಳಿಸಿಯೂ ಕೇಳಿಸದಂತಿರುತ್ತದೆ.

## ಮೊದಲ ಹೆಜ್ಜೆ

“ಬೇಕು” ಅನ್ನೋದಕ್ಕೆ ಜಪಾನಿಯಲ್ಲಿ ಯಾವ ಪದ?

ಒಂದೇ ಪದ ಇಲ್ಲ. ಕನ್ನಡದ ‘ಬೇಕು’ ಅಲ್ಲಿ ನಾಲ್ಕಾಗಿ ಒಡೆಯುತ್ತದೆ.

ವಸ್ತು ಬೇಕಾದರೆ ‘ಹೊಶೀ’: ‘ಜಿತೆನ್ಶ ಗ ಹೊಶೀ ದೆಸು’, ನನಗೆ ಸೈಕಲ್ ಬೇಕು. ಕೆಲಸ ಮಾಡುವ ಆಸೆಯಾದರೆ ಕ್ರಿಯಾಪದಕ್ಕೆ ‘ತಇ’ ಹತ್ತುತ್ತದೆ: ‘ಕ್ಯೋತೊ ಎ ಇಕಿತಇ ದೆಸು’, ಕ್ಯೋತೊಗೆ ಹೋಗಬೇಕು ಅಂತ ಆಸೆ. ಆಸೆಯ ಮಾತಿಲ್ಲ, ಅಗತ್ಯ ಮಾತ್ರ ಎಂದಾದರೆ ‘ಇರು’: ‘ಬಿಜ಼ ನಿ ವ ಶಶಿನ್ ಗ ಇರಿಮಸು’, ವೀಸಾಕ್ಕೆ ಫೋಟೋ ಬೇಕು. ಮಾಡದೆ ವಿಧಿಯಿಲ್ಲದ ಕೆಲಸವಾದರೆ ‘ನಕೆರೆಬ ನರಿಮಸೆನ್’: ‘ಅಶಿತ ರೊಕುಜಿ ನಿ ಒಕಿನಕೆರೆಬ ನರಿಮಸೆನ್’, ನಾಳೆ ಆರು ಗಂಟೆಗೆ ಏಳಬೇಕು.

ಗೊಂದಲವಾದಾಗ ನಿಮ್ಮ ಕನ್ನಡ ವಾಕ್ಯವನ್ನೇ ತಿರುಗಿಸಿ ನೋಡಿ. ‘ಹೋಗಬೇಕು ಅನ್ನಿಸ್ತಿದೆ’ ಎನ್ನಲು ಬಂದರೆ ‘ತಇ’. ‘ಹೋಗದಿದ್ದರೆ ಆಗಲ್ಲ’ ಎನ್ನಲು ಬಂದರೆ ‘ನಕೆರೆಬ’. ‘ಮನೆಗೆ ಹೋಗಬೇಕು’ ಎಂಬ ಒಂದೇ ವಾಕ್ಯ ಎರಡೂ ಆಗಬಹುದು; ಯಾವುದೆಂದು ನೀವು ಬಾಯಿ ತೆರೆಯುವ ಮೊದಲೇ ತೀರ್ಮಾನಿಸಬೇಕು. ಜಪಾನಿಯಲ್ಲಿ ಎರಡನ್ನೂ ಒಟ್ಟಿಗೆ ಹೊರುವ ಪದವಿಲ್ಲ.

ಕ್ರಿಯಾಪದಗಳ ಗುಂಪು ಗೊತ್ತಿಲ್ಲದೆ ಇವನ್ನೆಲ್ಲ ಬಾಯಿಪಾಠ ಮಾಡಿದ್ರೆ ಸಾಕಾಗಲ್ವಾ?

ಸಾಕಾಗುವುದಿಲ್ಲ. ಹತ್ತು ಪದದ ನಂತರ ಕಲಸಿಹೋಗುತ್ತದೆ. ಅದೃಷ್ಟಕ್ಕೆ ಗುಂಪು ಮೂರೇ.

| ಮೂಲರೂಪ | ಆಸೆ | ಸಾಮರ್ಥ್ಯ | ‘…ದಿದ್ದರೆ’ |
|---|---|---|---|
| ನೊಮು (ಕುಡಿ) | ನೊಮಿತಇ | ನೊಮೆರು | ನೊಮನಕೆರೆಬ |
| ಮತ್ಸು (ಕಾಯು) | ಮಚಿತಇ | ಮತೆರು | ಮತನಕೆರೆಬ |
| ಕಉ (ಕೊಳ್ಳು) | ಕಇತಇ | ಕಎರು | ಕವನಕೆರೆಬ |
| ಕಎರು (ಮರಳು) | ಕಎರಿತಇ | ಕಎರೆರು | ಕಎರನಕೆರೆಬ |
| ತಬೆರು (ತಿನ್ನು) | ತಬೆತಇ | ತಬೆರರೆರು | ತಬೆನಕೆರೆಬ |
| ಸುರು (ಮಾಡು) | ಶಿತಇ | ದೆಕಿರು | ಶಿನಕೆರೆಬ |
| ಕುರು (ಬಾ) | ಕಿತಇ | ಕೊರರೆರು | ಕೊನಕೆರೆಬ |

ಮೊದಲ ನಾಲ್ಕು ಒಂದನೇ ಗುಂಪು. ಅವನ್ನು ಕಾಗುಣಿತದಂತೆ ನೋಡಿ: ನೊಮನಇ, ನೊಮಿತಇ, ನೊಮು, ನೊಮೆರು. ಮಕಾರ ನಿಂತಲ್ಲೇ ನಿಂತಿದೆ, ಸ್ವರ ಮಾತ್ರ ಬದಲಾಗಿದೆ. ಅಕಾರ ನಿಷೇಧಕ್ಕೆ (ಕರ್ತವ್ಯ ಹುಟ್ಟುವುದು ಇದರಿಂದಲೇ), ಇಕಾರ ಆಸೆಗೆ, ಉಕಾರ ನಿಘಂಟಿಗೆ, ಎಕಾರ ಸಾಮರ್ಥ್ಯಕ್ಕೆ. ಜಪಾನಿ ಅಕ್ಷರಮಾಲೆ ಅ ಇ ಉ ಎ ಒ, ಕ ಸ ತ ನ ಹ ಮ ಯ ರ ವ ಎಂದು ಸಾಗುವುದರ ಹಿಂದೆ ಬೌದ್ಧ ಭಿಕ್ಷುಗಳು ಮಾಡಿದ, ಸಂಸ್ಕೃತ ಬರೆಯುವ ಸಿದ್ಧಂ ಲಿಪಿಯ ಅಧ್ಯಯನವಿದೆ. ಹಾಗಾಗಿ ಕಾಗುಣಿತ ಬಲ್ಲವರಿಗೆ ಈ ಕೋಷ್ಟಕ ಹೊರಗಿನದಲ್ಲ. ‘ಕಉ’ ಥರದವು ಮಾತ್ರ ಅಕಾರದಲ್ಲಿ ‘ವ’ ಪಡೆಯುತ್ತವೆ: ‘ಕಅನಇ’ ಅಲ್ಲ, ‘ಕವನಇ’.

‘ತಬೆರು’ ಎರಡನೇ ಗುಂಪು. ‘ರು’ ಕಿತ್ತು ಬೇಕಾದ್ದನ್ನು ಅಂಟಿಸಿದರಾಯಿತು. ‘ಸುರು’, ‘ಕುರು’ ಎರಡೇ ಮೂರನೇ ಗುಂಪು, ಅವನ್ನು ಬಾಯಿಪಾಠ ಮಾಡಬೇಕು. ‘ಎರು’, ‘ಇರು’ ಎಂದು ಮುಗಿದರೂ ಒಂದನೇ ಗುಂಪಿಗೆ ಸೇರುವ ಕಳ್ಳರಿದ್ದಾರೆ: ಕಎರು (ಮರಳು), ಹಇರು (ಒಳಹೋಗು), ಹಶಿರು (ಓಡು), ಶಿರು (ತಿಳಿ), ಕಿರು (ಕತ್ತರಿಸು). ಈ ಐದನ್ನು ಗೋಡೆಗೆ ಅಂಟಿಸಿಕೊಳ್ಳಿ.

## ಆಸೆ

“ತಬೆತಇಮಸು” ಅಂದೆ, ತಪ್ಪು ಅಂದ್ರು. “ತಬೆತಇ ದೆಶಿತ” ಅಂದೆ, ಅದೂ ತಪ್ಪಂತೆ! ಯಾಕೆ?

‘ತಇ’ ಹತ್ತಿದ ಕ್ಷಣ ಆ ಪದ ಕ್ರಿಯಾಪದವಾಗಿ ಉಳಿಯುವುದಿಲ್ಲ, ಗುಣವಾಚಕವಾಗುತ್ತದೆ. ‘ತಕಇ’ (ದುಬಾರಿ), ‘ಸಮುಇ’ (ಚಳಿ) ಹೇಗೆ ನಡೆಯುತ್ತವೋ ಹಾಗೇ ನಡೆಯುತ್ತದೆ. ತಿನ್ನಬೇಕು ‘ತಬೆತಇ ದೆಸು’, ತಿನ್ನಲು ಇಷ್ಟವಿಲ್ಲ ‘ತಬೆತಕುನಇ ದೆಸು’, ತಿನ್ನಬೇಕು ಅನ್ನಿಸಿತ್ತು ‘ತಬೆತಕತ್ತ ದೆಸು’, ಅನ್ನಿಸಿರಲಿಲ್ಲ ‘ತಬೆತಕುನಕತ್ತ ದೆಸು’. ಭೂತಕಾಲ, ನಿಷೇಧ ಎರಡೂ ‘ತಇ’ಯ ಒಳಗೇ ಆಗಬೇಕು. ‘ದೆಸು’ ಗೌರವಕ್ಕಾಗಿ ಕೊನೆಯಲ್ಲಿ ನಿಲ್ಲುತ್ತದೆ, ಬದಲಾಗುವುದಿಲ್ಲ. ‘ಹೊಶೀ’ಗೂ ಇದೇ ನಡೆ: ಹೊಶಿಕುನಇ, ಹೊಶಿಕತ್ತ, ಹೊಶಿಕುನಕತ್ತ.

“ಮಿಜ಼ು ಗ ನೊಮಿತಇ” ಸರಿನಾ, “ಮಿಜ಼ು ಒ ನೊಮಿತಇ” ಸರಿನಾ?

ಎರಡೂ ಸರಿ. ‘ಗ’, ‘ಒ’ ನಮ್ಮ ವಿಭಕ್ತಿ ಪ್ರತ್ಯಯಗಳಂತೆ: ‘ಗ’ ಕರ್ತೃವಿಗೆ, ‘ಒ’ ಕರ್ಮಕ್ಕೆ. ‘ಗ’ ಹಾಕಿದಾಗ ನೀರಿನ ಮೇಲೆ ಒತ್ತು: ಬೇಕಿರುವುದು ನೀರು, ಬೇರೇನಲ್ಲ. ವಾಕ್ಯ ಉದ್ದವಾಗಿ ವಸ್ತುವಿಗೂ ಕ್ರಿಯಾಪದಕ್ಕೂ ನಡುವೆ ಬೇರೆ ಪದಗಳು ಬಂದರೆ ‘ಒ’ ಸಹಜ. ಎರಡು ಕಡೆ ಮಾತ್ರ ಆಯ್ಕೆಯಿಲ್ಲ. ‘ಹೊಶೀ’ಗೆ ಸದಾ ‘ಗ’. ನಡೆದು ಹಾಯುವ ಜಾಗಕ್ಕೆ ಸದಾ ‘ಒ’: ‘ಕೋಎನ್ ಒ ಸನ್ಪೊ ಶಿತಇ’, ಪಾರ್ಕಿನಲ್ಲಿ ಅಡ್ಡಾಡಬೇಕು.

ಹೋಟೆಲಲ್ಲಿ “ಕೋಹೀ ಗ ಹೊಶೀ ದೆಸು” ಅಂದ್ರೆ ಕಾಫಿ ತಂದುಕೊಡ್ತಾರಾ?

ತರುತ್ತಾರೆ, ಆದರೆ ಮಗು ಕೇಳಿದಂತಿರುತ್ತದೆ. ನಮ್ಮಲ್ಲಿ ‘ಎರಡು ಕಾಫಿ ಬೇಕು’ ಎನ್ನುವುದು ಆರ್ಡರ್. ಅಲ್ಲಿ ‘ಹೊಶೀ’ ಮನಸ್ಸಿನ ಬಯಕೆಯ ಮಾತು. ಆರ್ಡರ್‌ಗೆ ‘ಕೋಹೀ ಒ ಫುತತ್ಸು ಕುದಸಇ’ ಅಥವಾ ‘ಒನೆಗಇ ಶಿಮಸು’ ಎನ್ನಿ. ‘ಬೇಡ’ ಎನ್ನುವಲ್ಲೂ ಎಚ್ಚರ: ‘ಹೊಶಿಕುನಇ ದೆಸು’ ಮುಖಕ್ಕೆ ಹೊಡೆದಂತೆ, ‘ಇರಿಮಸೆನ್’ ಒರಟು. ಯಾರಾದರೂ ಏನಾದರೂ ಕೊಡಲು ಬಂದಾಗ ‘ದಇಜೋಬು ದೆಸು’ ಅಥವಾ ‘ಕೆಕ್ಕೋ ದೆಸು’ ಸಾಕು.

ಮೇಡಂಗೆ “ಕೋಹೀ ಒ ನೊಮಿತಇ ದೆಸು ಕ” ಅಂತ ಕೇಳಿದೆ, ಮುಖ ಸಪ್ಪಗಾಯ್ತು. ವ್ಯಾಕರಣ ಸರಿ ಇತ್ತಲ್ಲ?

ವ್ಯಾಕರಣ ಸರಿ, ಮರ್ಯಾದೆ ಸರಿಯಿಲ್ಲ. ಹಿರಿಯರ ಒಳಗಿನ ಆಸೆಯನ್ನು ನೇರವಾಗಿ ಕೆದಕಿ ಕೇಳುವುದು ಅಲ್ಲಿ ಒಪ್ಪದ ನಡತೆ. ‘ಕೋಹೀ ವ ಇಕಗ ದೆಸು ಕ’ ಎನ್ನಿ. ಸಮವಯಸ್ಕರಿಗೆ ‘ಕೋಹೀ, ನೊಮಿಮಸು ಕ’ ಸಾಕು. ಗೆಳೆಯರ ನಡುವೆ ‘ನನಿ ಗ ತಬೆತಇ?’ ಎಂದು ಕೇಳಲು ಅಡ್ಡಿಯಿಲ್ಲ.

“ಅಪ್ಪನಿಗೆ ಜಪಾನಿಗೆ ಹೋಗಬೇಕು” ಅನ್ನೋಕೆ “ಚಿಚಿ ವ ಇಕಿತಇ ದೆಸು” ಅಂದ್ರೆ ಯಾಕೆ ತಿದ್ದುತ್ತಾರೆ?

ಇನ್ನೊಬ್ಬರ ಮನಸ್ಸನ್ನು ಹೊಕ್ಕು ನೋಡಿದವರಂತೆ ಹೇಳಬಾರದು ಎಂಬುದು ಜಪಾನಿ ನಿಯಮ. ಕನ್ನಡದಲ್ಲಿ ನಾವು ‘ಅಪ್ಪನಿಗೆ ಜಪಾನಿಗೆ ಹೋಗಬೇಕಂತೆ’ ಎನ್ನುತ್ತೇವಲ್ಲ, ಆ ‘ಅಂತೆ’ಯೇ ಇಲ್ಲಿ ಬೇಕಾದ್ದು: ‘ಚಿಚಿ ವ ನಿಹೊನ್ ಎ ಇಕಿತಇ ಸೋ ದೆಸು’. ‘ಹೋಗಬೇಕು ಅಂತ ಹೇಳ್ತಿದ್ದಾರೆ’ ಎಂದಾದರೆ ‘ಇಕಿತಇ ತೊ ಇತ್ತೆ ಇಮಸು’. ಇಂಗ್ಲಿಷ್ ಮೂಲಕ ಬಂದವರು ಇದನ್ನು ವಿಶೇಷ ನಿಯಮವೆಂದು ಕಲಿಯುತ್ತಾರೆ, ನಮಗದು ದಿನದ ಮಾತು.

ಇನ್ನೊಂದು ರೂಪ ‘ತಗರು’, ‘ಹೊಶೀ’ಯಾದರೆ ‘ಹೊಶಿಗರು’: ‘ಇಮೋತೊ ವ ಇನು ಒ ಹೊಶಿಗತ್ತೆ ಇಮಸು’, ತಂಗಿ ನಾಯಿ ಬೇಕು ಬೇಕು ಅಂತಿದ್ದಾಳೆ. ಆಸೆ ಮೇಲ್ನೋಟಕ್ಕೆ ಕಾಣುತ್ತಿದೆ ಎಂಬ ಅರ್ಥ. ಇಲ್ಲಿ ‘ಗ’ ಹೋಗಿ ‘ಒ’ ಬಂದುದನ್ನು ಗಮನಿಸಿ. ಮಕ್ಕಳು, ತಮ್ಮ ತಂಗಿಯರ ಬಗ್ಗೆ ಸರಿ; ಹಿರಿಯರ ಬಗ್ಗೆ ಬಳಸಬೇಡಿ.

## ಸಾಮರ್ಥ್ಯ

“ದೆಕಿರು” ಅಂದ್ರೆ “ಆಗುತ್ತೆ” ಅಂತನಾ, “ಬರುತ್ತೆ” ಅಂತನಾ?

ಎರಡೂ. ‘ನನಗೆ ಕನ್ನಡ ಬರುತ್ತೆ’ ಎಂಬ ವಾಕ್ಯವನ್ನು ಬಿಡಿಸಿ ನೋಡಿ: ಕರ್ತೃಸ್ಥಾನದಲ್ಲಿ ಕನ್ನಡ ನಿಂತಿದೆ, ‘ನಾನು’ ಪಕ್ಕಕ್ಕೆ ಸರಿದು ‘ನನಗೆ’ ಆಗಿದೆ. ‘ವತಶಿ ವ ಕನ್ನದಗೊ ಗ ದೆಕಿಮಸು’ ಇದೇ ಅಚ್ಚು. ‘ಒ’ ಬಾರದೆ ‘ಗ’ ಏಕೆ ಬಂತು ಎಂಬ ಪ್ರಶ್ನೆ ಕನ್ನಡಿಗರಿಗೆ ಏಳಬೇಕಾಗಿಲ್ಲ. ‘ದೆಕಿರು’ ಹುಟ್ಟಿದ್ದೂ ‘ಹೊರಬರು’ ಎಂಬ ಅರ್ಥದ ಹಳೆಯ ಕ್ರಿಯಾಪದದಿಂದಲೇ.

‘ಆಗು’ವಿನ ಅರ್ಥವೂ ಇದೆ. ‘ಗೊಹನ್ ಗ ದೆಕಿಮಶಿತ’ ಎಂದರೆ ಅಡುಗೆ ಆಯ್ತು. ‘ದೆಕಿಮಸೆನ್’ ಎಂದರೆ ಆಗಲ್ಲ. ಆದರೆ ಯಾರಾದರೂ ಕರೆದಾಗ ‘ದೆಕಿಮಸೆನ್’ ಎಂದು ಕಡ್ಡಿ ಮುರಿದಂತೆ ಹೇಳಬೇಡಿ; ‘ಸುಮಿಮಸೆನ್, ಅಶಿತ ವ ಚೊತ್ತೊ…’ ಎಂದು ರಾಗ ಎಳೆದು ನಿಲ್ಲಿಸಿದರೆ ಅವರಿಗೆ ಅರ್ಥವಾಗುತ್ತದೆ.

“ಯೊಮು ಕೊತೊ ಗ ದೆಕಿಮಸು” ಮತ್ತು “ಯೊಮೆಮಸು” ಒಂದೇನಾ?

ಅರ್ಥ ಒಂದೇ, ಸಂದರ್ಭ ಬೇರೆ. ‘ಕೊತೊ ಗ ದೆಕಿಮಸು’ ಪ್ರಕಟಣೆ, ನಿಯಮ, ಬರವಣಿಗೆಗೆ ಹೊಂದುತ್ತದೆ: ಇಲ್ಲಿ ಕಾರ್ಡಿನಲ್ಲಿ ಹಣ ಕಟ್ಟಬಹುದು, ‘ಕೊಕೊ ದೆ ಕಾದೊ ದೆ ಹರಉ ಕೊತೊ ಗ ದೆಕಿಮಸು’. ಮಾತಿಗೆ ‘ಕನ್ಜಿ ಗ ಯೊಮೆಮಸು’ (ಕಾಂಜಿ, ಅಂದರೆ ಚೀನೀ ಮೂಲದ ಅಕ್ಷರಗಳನ್ನು ಓದಲು ಬರುತ್ತೆ) ಚುರುಕು. ಹೊಸಬರು ಉದ್ದರೂಪದಿಂದ ಶುರು ಮಾಡುವುದೇ ಒಳ್ಳೆಯದು, ಏಕೆಂದರೆ ನಿಘಂಟಿನ ರೂಪ ಗೊತ್ತಿದ್ದರೆ ಸಾಕು.

ತಪ್ಪುಗಳು ಎರಡು. ಒಂದು, ‘ಯೊಮಿಮಸು ಕೊತೊ’ ಎನ್ನುವುದು. ‘ಕೊತೊ’ ಮುಂಚೆ ‘ಮಸು’ ಬರಬಾರದು. ಇನ್ನೊಂದು, ‘ಯೊಮೆರು ಕೊತೊ ಗ ದೆಕಿಮಸು’ ಎಂದು ಸಾಮರ್ಥ್ಯವನ್ನು ಎರಡು ಸಲ ಹೇರುವುದು.

ಪುಸ್ತಕದಲ್ಲಿ “ತಬೆರರೆರು”, ಜನರ ಬಾಯಲ್ಲಿ “ತಬೆರೆರು”. ಯಾವುದನ್ನ ಕಲೀಲಿ?

ಪರೀಕ್ಷೆಗೂ ಕಚೇರಿಗೂ ಉದ್ದದ್ದನ್ನು, ಕಿವಿಗೆ ಎರಡನ್ನೂ. ‘ರ’ ಬಿಟ್ಟ ರೂಪಕ್ಕೆ ಅಲ್ಲಿ ‘ರ-ನುಕಿ’ ಎಂದೇ ಹೆಸರು. ಇದು ಬರೀ ಸೋಮಾರಿತನವಲ್ಲ. ‘ತಬೆರರೆರು’ ಎಂದರೆ ‘ತಿನ್ನಲಾಗುತ್ತದೆ’ ಎಂಬ ಕರ್ಮಣಿ ಅರ್ಥವೂ ಇದೆ. ‘ರ’ ಬಿಟ್ಟರೆ ಸಾಮರ್ಥ್ಯ ಮಾತ್ರ ಉಳಿಯುತ್ತದೆ, ಗೊಂದಲ ತಪ್ಪುತ್ತದೆ. ಜಪಾನಿನ ಸಂಸ್ಕೃತಿ ಇಲಾಖೆ 2015ನೇ ಆರ್ಥಿಕ ವರ್ಷದಲ್ಲಿ ನಡೆಸಿದ ಭಾಷಾ ಸಮೀಕ್ಷೆಯಲ್ಲಿ ‘ಮಿರು’ (ನೋಡು) ಪದಕ್ಕೆ ‘ಮಿರೆರು’ ಎನ್ನುವವರು 48.4%, ‘ಮಿರರೆರು’ ಎನ್ನುವವರು 44.6%. ಗಿಡ್ಡರೂಪ ಮುಂದೆ ಹೋದದ್ದು ಅದೇ ಮೊದಲು.

“ಫುಜಿಸನ್ ಗ ಮಿರರೆಮಸು” ಅಂದೆ, “ಮಿಎಮಸು” ಅಂತ ತಿದ್ದಿದ್ರು. ವ್ಯತ್ಯಾಸ ಏನು?

ಕನ್ನಡದ ‘ಕಾಣಿಸುತ್ತೆ’ ಮತ್ತು ‘ನೋಡಬಹುದು’ ನಡುವಿನ ವ್ಯತ್ಯಾಸವೇ. ಕಿಟಕಿ ತೆರೆದರೆ ತಾನಾಗಿ ಕಣ್ಣಿಗೆ ಬೀಳುವುದು ‘ಮಿಎರು’. ಪ್ರಯತ್ನ, ಸೌಲಭ್ಯ, ಅನುಕೂಲದಿಂದ ನೋಡಲು ಸಿಗುವುದು ‘ಮಿರರೆರು’: ‘ಕೊನೊ ಎಇಗ ವ ನೆತ್ತೊ ದೆ ಮಿರರೆಮಸು’, ಈ ಸಿನಿಮಾ ನೆಟ್ಟಿನಲ್ಲಿ ನೋಡಬಹುದು. ‘ಕಿಕೊಎರು’ ಕೇಳಿಸು, ‘ಕಿಕೆರು’ ಕೇಳಲು ಸಿಗು. ಫೋನಿನಲ್ಲಿ ‘ಕೇಳಿಸ್ತಿದೆಯಾ?’ ಎನ್ನಲು ‘ಕಿಕೊಎಮಸು ಕ’.

“ಅರ್ಥ ಮಾಡ್ಕೊಳ್ಳಕ್ಕಾಗಲ್ಲ” ಅನ್ನೋಕೆ “ವಕರೆಮಸೆನ್” ಸರಿನಾ?

ಅಲ್ಲ. ‘ವಕರೆರು’ ಎಂದರೆ ಅಗಲು, ಬೇರೆಯಾಗು. ನೀವು ಹೇಳಿದ್ದು ‘ನಾವು ಬೇರೆಯಾಗಲ್ಲ’ ಎಂದಾಯಿತು. ‘ವಕರು’ವಿನಲ್ಲೇ ‘ಅರ್ಥವಾಗು’ ಎಂಬ ತಾನಾಗಿ ಆಗುವ ಭಾವವಿದೆ, ಅದಕ್ಕೆ ಸಾಮರ್ಥ್ಯದ ರೂಪ ಬೇಡ. ‘ವಕರಿಮಸೆನ್’ ಎಂದರೆ ಸಾಕು. ಬಾಗಿಲು ತೆರೆಯಲು ಆಗದಿದ್ದಾಗಲೂ ಅಷ್ಟೇ: ‘ದೊಅ ಗ ಅಕಿಮಸೆನ್’, ಬಾಗಿಲು ತೆರೆಯುತ್ತಿಲ್ಲ.

“ಇಲ್ಲಿ ಫೋಟೋ ತೆಗೀಬಹುದಾ?” — ಇದಕ್ಕೂ ಸಾಮರ್ಥ್ಯದ ರೂಪಾನಾ?

ಅನುಮತಿಗೆ ಬೇರೆ ರೂಪವಿದೆ: ‘ಕೊಕೊ ದೆ ಶಶಿನ್ ಒ ತೊತ್ತೆ ಮೊ ಈ ದೆಸು ಕ’. ಪದಕ್ಕೆ ಪದ ಇಟ್ಟರೆ ‘ತೆಗೆದರೂ ಪರವಾಗಿಲ್ಲವಾ?’. ನಮ್ಮ ‘ಬಹುದು’ ಅನುಮತಿ, ಸಾಧ್ಯತೆ, ಸೌಲಭ್ಯ ಎಲ್ಲವನ್ನೂ ಹೊರುವುದರಿಂದ ಈ ತಪ್ಪು ಆಗುತ್ತದೆ.

## ಕರ್ತವ್ಯ

ಒಂದು “ಬೇಕು”ಗೆ “ನಕೆರೆಬ ನರಿಮಸೆನ್” ಅಂತ ಇಷ್ಟುದ್ದ ಯಾಕೆ?

ಬಿಡಿಸಿದರೆ ಭಯ ಹೋಗುತ್ತದೆ. ‘ಇಕನಕೆರೆಬ’ ಎಂದರೆ ‘ಹೋಗದಿದ್ದರೆ’. ‘ನರು’ ಎಂದರೆ ‘ಆಗು’, ‘ನರಿಮಸೆನ್’ ಎಂದರೆ ‘ಆಗುವುದಿಲ್ಲ’. ಒಟ್ಟು: ಹೋಗದಿದ್ದರೆ ಆಗಲ್ಲ. ‘ನಾನು ಹೋಗದಿದ್ರೆ ಆಗಲ್ಲ ಕಣೋ’ ಎಂದು ನಾವು ದಿನಾ ಆಡುವ ಮಾತೇ ಅಲ್ಲಿ ವ್ಯಾಕರಣದ ನಿಯಮವಾಗಿ ಕೂತಿದೆ.

ಕಟ್ಟುವುದು ಹೀಗೆ: ನಿಷೇಧರೂಪ ಮಾಡಿ (‘ನೊಮನಇ’), ಕೊನೆಯ ‘ಇ’ ತೆಗೆಯಿರಿ (‘ನೊಮನ’), ‘ಕೆರೆಬ’ ಸೇರಿಸಿ, ‘ನರಿಮಸೆನ್’ ಹೇಳಿ. ನಿನ್ನೆಯ ಮಾತಾದರೆ ‘ನರಿಮಸೆನ್ ದೆಶಿತ’: ‘ಕುಸುರಿ ಒ ನೊಮನಕೆರೆಬ ನರಿಮಸೆನ್ ದೆಶಿತ’, ಔಷಧಿ ಕುಡಿಯಬೇಕಾಯಿತು. ಮಾತ್ರೆಗೂ ಅಲ್ಲಿ ‘ಕುಡಿ’ ಎಂದೇ ಬಳಕೆ, ‘ತಿನ್ನು’ ಅಲ್ಲ.

ಕೆಲವರು “ನರಿಮಸೆನ್” ಅಂತಾರೆ, ಕೆಲವರು “ಇಕೆಮಸೆನ್” ಅಂತಾರೆ. ಯಾವುದು ಯಾವಾಗ?

ಕಾನೂನು, ಸಾಮಾಜಿಕ ಕಟ್ಟುಪಾಡು, ಎಲ್ಲರಿಗೂ ಅನ್ವಯಿಸುವ ಮಾತಿಗೆ ‘ನರಿಮಸೆನ್’ ಕಡೆ ಒಲವು. ಈ ಹೊತ್ತಿನ, ಈ ವ್ಯಕ್ತಿಯ ಕೆಲಸಕ್ಕೆ ‘ಇಕೆಮಸೆನ್’ ಹೆಚ್ಚು. ‘ಇಕೆನಇ’ಯ ಬೇರು ‘ಹೋಗಲಾಗದು’. ನಮ್ಮ ‘ಅದು ನಡೆಯಲ್ಲ’ಕ್ಕೆ ಬಹಳ ಹತ್ತಿರ. ಆರಂಭದಲ್ಲಿ ಯಾವುದನ್ನು ಬಳಸಿದರೂ ಯಾರೂ ತಪ್ಪು ಹಿಡಿಯುವುದಿಲ್ಲ. ಇದರ ಮೇಲೆ ತಲೆಕೆಡಿಸಿಕೊಳ್ಳುವ ಸಮಯವನ್ನು ನಿಷೇಧರೂಪಕ್ಕೆ ಕೊಡಿ.

ಅನಿಮೆಯಲ್ಲಿ “ಇಕನಕ್ಯ”, “ಇಕನಕುಚ” ಅಂತ ಕೇಳಿಸುತ್ತೆ. ಏನದು?

ಸವೆದ ರೂಪಗಳು. ‘ನಕೆರೆಬ’ ಸವೆದು ‘ನಕ್ಯ’, ‘ನಕುತೆ ವ’ ಸವೆದು ‘ನಕುಚ’. ಹಿಂದಿನ ‘ನರನಇ’, ‘ಇಕೆನಇ’ ಪೂರ್ತಿ ಬಿದ್ದುಹೋಗುತ್ತದೆ. ‘ಇಕನಇ ತೊ’ ಕೂಡ ಇದೇ ಕುಟುಂಬ. ‘ಮೋ ಇಕನಕ್ಯ’ ಎಂದರೆ ‘ಇನ್ನು ಹೊರಡಬೇಕಪ್ಪ’. ಗೆಳೆಯರಲ್ಲಿ, ತನಗೆ ತಾನೇ ಹೇಳಿಕೊಳ್ಳುವಾಗ ಸರಿ. ಸಂದರ್ಶನದಲ್ಲಿ, ಮೇಲಿನವರ ಮುಂದೆ ಬೇಡ.

“ಹೋಗಬೇಕಾಗಿಲ್ಲ”, “ಹೋಗಬಾರದು”, “ಹೋಗಬೇಡಿ” — ಮೂರೂ ಕಲಸಿಹೋಗ್ತಿವೆ.

- ‘ಇಕನಕುತೆ ಮೊ ಈ ದೆಸು’: ಹೋಗದಿದ್ದರೂ ಪರವಾಗಿಲ್ಲ, ಅಂದರೆ ಹೋಗಬೇಕಾಗಿಲ್ಲ.
- ‘ಇತ್ತೆ ವ ಇಕೆಮಸೆನ್’: ಹೋದರೆ ನಡೆಯಲ್ಲ, ಅಂದರೆ ಹೋಗಬಾರದು.
- ‘ಇಕನಇದೆ ಕುದಸಇ’: ದಯವಿಟ್ಟು ಹೋಗಬೇಡಿ.

‘ನಕೆರೆಬ ನರಿಮಸೆನ್’ಗೆ ಇನ್ನೊಂದು ‘ಇಲ್ಲ’ ಅಂಟಿಸಿ ‘ಬೇಕಾಗಿಲ್ಲ’ ಮಾಡಲು ಹೋಗಬೇಡಿ. ಈಗಾಗಲೇ ಅದರಲ್ಲಿ ಎರಡು ನಿಷೇಧಗಳಿವೆ. ‘ಇತ್ತೆ ವ ಇಕೆಮಸೆನ್’ ಫಲಕಗಳಿಗೆ, ಶಾಲೆಯ ನಿಯಮಕ್ಕೆ, ಮಕ್ಕಳಿಗೆ ಹೇಳುವ ಮಾತು. ಸಹೋದ್ಯೋಗಿಗೆ ಹೇಳಿದರೆ ಗದರಿದಂತಾಗುತ್ತದೆ.

“ಬೆಕಿ” ಅಂತ ಒಂದು ಪದ ಇದೆಯಂತೆ, ನಮ್ಮ “ಬೇಕು”ನೇನಾ ಅದು?

ಕಿವಿಗೆ ಹಾಗೇ ಕೇಳುತ್ತದೆ, ನೆನಪಿಗೆ ಅನುಕೂಲ, ಆದರೆ ಬಳಕೆ ಬೇರೆ. ‘ಯಕುಸೊಕು ಒ ಮಮೊರು ಬೆಕಿ ದೆಸು’ ಎಂದರೆ ‘ಕೊಟ್ಟ ಮಾತು ಉಳಿಸಿಕೊಳ್ಳುವುದು ಧರ್ಮ’. ನ್ಯಾಯ, ನೀತಿಯ ತೂಕ ಅದಕ್ಕಿದೆ. ‘ಅಂಗಡಿಗೆ ಹೋಗಬೇಕು’ ಎನ್ನಲು ಬಳಸಿದರೆ ವಿಚಿತ್ರ. ಸ್ನೇಹಿತರಿಗೆ ಸಲಹೆ ಕೊಡಲು ‘ಹೋ ಗ ಈ’ ಹಿತ: ‘ಯಸುನ್ದ ಹೋ ಗ ಈ ದೆಸು ಯೊ’, ವಿಶ್ರಾಂತಿ ತಗೊಂಡರೆ ಒಳ್ಳೆಯದು. ಮಾಡಿ ಎನ್ನುವಾಗ ಭೂತಕಾಲದ ರೂಪ, ಬೇಡ ಎನ್ನುವಾಗ ‘ಇಕನಇ ಹೋ ಗ ಈ’ ಎಂದು ಸಾದಾ ನಿಷೇಧ.

## ಸ್ವಲ್ಪ ಮುಂದಕ್ಕೆ

“ನೀವು ಬರಬೇಕು ಅಂತ ನನ್ನ ಆಸೆ” — ಆಸೆ ನನ್ನದು, ಬರೋದು ನೀವು. ಇದಕ್ಕೆ “ತಇ” ಬರುತ್ತಾ?

ಬರಿಯ ‘ತಇ’ ಬರುವುದಿಲ್ಲ. ಅದರಲ್ಲಿ ಆಸೆ ಪಡುವವರೂ ಮಾಡುವವರೂ ಒಬ್ಬರೇ. ಇಲ್ಲಿ ‘ತೆ’ ರೂಪಕ್ಕೆ (ನಮ್ಮ ‘ಬಂದು’, ‘ಮಾಡಿ’ ಥರದ್ದು) ‘ಹೊಶೀ’: ‘ರಇಶೂ ಕಿತೆ ಹೊಶೀ ದೆಸು’, ಮುಂದಿನ ವಾರ ಬರಬೇಕು. ಹಿರಿಯರಿಗೆ ‘ಕಿತೆ ಇತದಕಿತಇ ದೆಸು’, ಇನ್ನೂ ಮೆತ್ತಗೆ ‘ಕಿತೆ ಇತದಕೆಮಸೆನ್ ಕ’. ಈ ಕೊನೆಯದರಲ್ಲಿ ಅಡಗಿರುವುದು ಸಾಮರ್ಥ್ಯದ ಎಕಾರವೇ: ‘ನಿಮ್ಮಿಂದ ಆ ಉಪಕಾರ ಪಡೆಯಲಾಗದೆ?’.

“ಟಿಕೆಟ್ ಕೊಳ್ಳಬಹುದಿತ್ತು” ಅನ್ನೋಕೆ “ಕಎಮಶಿತ” ಅಂದೆ. ಎಲ್ಲರೂ “ಅಭಿನಂದನೆ” ಅಂದ್ರು!

‘ಕಿಪ್ಪು ಗ ಕಎಮಶಿತ’ ಎಂದರೆ ‘ಟಿಕೆಟ್ ಕೊಳ್ಳಲು ಆಯಿತು, ಸಿಕ್ಕಿತು’. ಸಾಮರ್ಥ್ಯದ ಭೂತಕಾಲಕ್ಕೆ ಕೆಲಸ ಕೈಗೂಡಿತು ಎಂಬ ಅರ್ಥ ಬರುತ್ತದೆ. ಕೊಳ್ಳಬಹುದಿತ್ತು, ಕೊಳ್ಳಲಿಲ್ಲ ಎಂಬುದಕ್ಕೆ ‘ಕಎತ ನೊನಿ’. ‘ಕೊಂಡಿದ್ದರೆ ಚೆನ್ನಾಗಿತ್ತು’ ಎಂಬ ಕೊರಗಿಗೆ ‘ಕಎಬ ಯೊಕತ್ತ’: ಕೊಂಡರೆ, ಚೆನ್ನಾಗಿತ್ತು. ಮತ್ತೆ ಕನ್ನಡದ್ದೇ ಜೋಡಣೆ.

“ಈಗ ಕಾಂಜಿ ಓದೋಕೆ ಬರೋ ಹಾಗಾಯ್ತು” ಅನ್ನೋದು ಹೇಗೆ?

‘ಕನ್ಜಿ ಗ ಯೊಮೆರು ಯೋ ನಿ ನರಿಮಶಿತ’. ‘ಯೊಮೆರು’ ಓದಲು ಬರುವ, ‘ಯೋ ನಿ’ ಹಾಗೆ, ‘ನರಿಮಶಿತ’ ಆಯಿತು. ಪದಗಳ ಸಾಲೂ ಬದಲಾಗಲಿಲ್ಲ. ‘ಓದಲು ಬರುವ ಹಾಗೆ ಆಗಬೇಕು’ ಎಂಬ ಆಸೆಗೆ ಕೊನೆಯಲ್ಲಿ ‘ತಇ’: ‘ಯೊಮೆರು ಯೋ ನಿ ನರಿತಇ ದೆಸು’.

ಎನ್5 ಪರೀಕ್ಷೆಗೆ ಇದರಲ್ಲಿ ಎಷ್ಟು ಸಾಕು?

ಎನ್5 ಎಂದರೆ ಜಪಾನಿ ಭಾಷಾ ಸಾಮರ್ಥ್ಯ ಪರೀಕ್ಷೆಯ (ಜೆಎಲ್‌ಪಿಟಿ) ಅತಿ ಸುಲಭದ ಹಂತ, ಎನ್4 ಅದರ ಮೇಲಿನದು. 2010ರಲ್ಲಿ ಪರೀಕ್ಷೆ ಹೊಸ ರೂಪಕ್ಕೆ ಬಂದ ಮೇಲೆ ಅಧಿಕೃತ ವ್ಯಾಕರಣ ಪಟ್ಟಿ ಪ್ರಕಟವಾಗುತ್ತಿಲ್ಲ. ವಾಡಿಕೆಯಂತೆ ‘ತಇ’, ‘ಹೊಶೀ’, ‘ಕೊತೊ ಗ ದೆಕಿರು’, ‘ತೆ ಮೊ ಈ’, ‘ನಕೆರೆಬ ನರನಇ’, ‘ನಕುತೆ ಮೊ ಈ’ ಎನ್5ಗೆ. ‘ಯೊಮೆರು’ ಥರದ ರೂಪ, ‘ಮಿಎರು’, ‘ತಗರು’, ‘ತೆ ಹೊಶೀ’, ‘ಯೋ ನಿ ನರು’ ಎನ್4ಗೆ. ಎನ್5ರಲ್ಲಿ 180ಕ್ಕೆ 80 ಬಂದರೆ ಪಾಸು, ಆದರೆ ಭಾಷಾಜ್ಞಾನ ಮತ್ತು ಓದಿನ ಭಾಗದಲ್ಲಿ 120ಕ್ಕೆ 38, ಆಲಿಸುವ ಭಾಗದಲ್ಲಿ 60ಕ್ಕೆ 19 ಬರಲೇಬೇಕು. ಮಾತಿನ ಪರೀಕ್ಷೆ ಇಲ್ಲ. ‘ಇಕನಕುತೆ ಮೊ ಈ’ ಮತ್ತು ‘ಇಕನಕುತೆ ವ ಇಕೆನಇ’ ಎರಡನ್ನೂ ಕಿವಿಯಿಂದ ಬೇರ್ಪಡಿಸುವ ಅಭ್ಯಾಸ ಮಾಡಿ. ಒಂದು ‘ಹೋಗದಿದ್ದರೂ ಸರಿ’, ಇನ್ನೊಂದು ‘ಹೋಗಲೇಬೇಕು’. ‘ಇಕನಕುತೆ’ವರೆಗೆ ಎರಡೂ ಒಂದೇ; ಅಂತರ ಶುರುವಾಗುವುದು ‘ಮೊ’, ‘ವ’ ಎಂಬ ಒಂದೇ ಅಕ್ಷರದಿಂದ.